ಎರಡು ಮನೆಯ ಮೆಂಬ್ರು

ನಾಯಿಗೆ ಕಾಯಿಲೆ ಅಂತ ಅಳುತ್ತಾ ಕೂತರೆ ನಮ್ಮ ಕಡೆ ಜನ ನಗುತ್ತಾರೆ. ಹಸು ಮಲಗಿದರೆ ಊರೇ ಬಂದು ನೋಡುತ್ತದೆ. ಎಮ್ಮೆ ಮೇವು ಬಿಟ್ಟರೆ ದಾರಿಯಲ್ಲಿ ಹೋಗುವವರೂ ನಿಂತು ಔಷಧಿ ಹೇಳುತ್ತಾರೆ. ನಾಯಿ ಅಂದರೆ ಮಾತ್ರ, "ಅಯ್ಯೋ ಬುಡಮ್ಮಿ, ಇನ್ನೊಂದು ಮರಿ ತಂದ್ರಾಯ್ತು." ಹಾಗೆ ಹೇಳಿದವರಿಗೆ ನಾನು ಆಗ ಬಾಯಿಗೆ ಬಂದಂತೆ ಬೈದಿದ್ದೇನೆ. ಈಗಲೂ ಬೈಯುತ್ತೇನೆ. ಇದನ್ನು ಬರೆಯುತ್ತಿರುವುದು ಅವರಿಗಲ್ಲ. ಎಲ್ಲೋ ಒಂದು ಜಗಲಿಯ ಮೇಲೆ, ಉಣ್ಣದೆ ಮಲಗಿದ ನಾಯಿಯ ಪಕ್ಕ ಕೂತು, ಯಾರಿಗೆ ಹೇಳಿಕೊಳ್ಳಲಿ ಅಂತ ಒದ್ದಾಡುತ್ತಿರುವವರು ಇದ್ದಾರಲ್ಲ, ಅವರಿಗೆ.

ತೊಂಬತ್ತರ ದಶಕದ ಮಾತಿದು. ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ಕಬ್ಬಿನ ಗದ್ದೆಗಳ ನಡುವೆ ಒಂದಿಷ್ಟು ನಡೆದರೆ ನಮ್ಮೂರು. ನಾನು ಪಾಲಹಳ್ಳಿಯಿಂದ ಮದುವೆಯಾಗಿ ಬಂದಾಗ ಅದು ಒಂದೇ ಮನೆ. ಭಾವ, ಅಂದರೆ ನನ್ನ ಗಂಡನ ಅಣ್ಣ, ಅವರ ಹೆಂಡತಿ ಜಯಮ್ಮಕ್ಕ, ನಮ್ಮತ್ತೆ, ನಾವಿಬ್ಬರು. ಒಲೆಯೂ ಒಂದೇ. ಮೊದಲ ಸಲ ತವರಿಗೆ ಹೋಗಿ ಬರುವಾಗ ಸೆರಗಿನಲ್ಲಿ ಸುತ್ತಿಕೊಂಡು ಒಂದು ಕರಿ ಮರಿ ತಂದೆ. ಆಗತಾನೇ ಪಂಚಾಯ್ತಿ ಎಲೆಕ್ಷನ್ನು ಮುಗಿದಿತ್ತು. ಮರಿ ಇಡೀ ಬೀದಿ ಸುತ್ತಿ, ಎಲ್ಲರ ಬಾಗಿಲಲ್ಲೂ ನಿಂತು ಬಾಲ ಆಡಿಸುವುದನ್ನು ನೋಡಿ ಭಾವ, "ಇದೇನ್ಲಾ ಇದು, ಓಟು ಕೇಳೋ ಮೆಂಬ್ರು ಆಡ್ದಂಗೆ ಆಡ್ತದೆ" ಅಂದರು. ಅವತ್ತಿನಿಂದ ಅವನು ಮೆಂಬ್ರು.

ಆಮೇಲೆ ಭಾಗವಾಯಿತು. ಯಾಕೆ ಅಂತ ಕೇಳಬೇಡಿ, ಎಲ್ಲರ ಮನೆಯಲ್ಲಿ ಯಾಕೋ ನಮ್ಮ ಮನೆಯಲ್ಲೂ ಅದಕ್ಕೇ. ಗದ್ದೆ, ಹೊಲ, ಹಸು, ಹಂಡೆ, ಕಡೆಗೆ ಒನಕೆಯವರೆಗೂ ಹಂಚಿಕೆಯಾಯಿತು. ಟ್ರಾಕ್ಟರು ಭಾವನಿಗೆ, ಪಂಪ್‌ಸೆಟ್ಟು ನಮಗೆ. ಹಿತ್ತಿಲಿನ ನಡುವೆ ಎದೆಮಟ್ಟದ ಇಟ್ಟಿಗೆ ಗೋಡೆ ಎದ್ದಿತು. ಅತ್ತೆಯನ್ನು ತಿಂಗಳಿಗೊಬ್ಬರಂತೆ ನೋಡಿಕೊಳ್ಳಿ ಅಂತ ಊರಿನ ಯಜಮಾನರು ಹೇಳುತ್ತಿದ್ದ ಹಾಗೆಯೇ ಆಕೆ ಎದ್ದು ನಿಂತು, "ನಾನೇನು ಸರದಿ ಮೇಲೆ ನೀರು ಬುಡೋ ತೂಬಾ?" ಅಂತ ಕೇಳಿ, ನಾಗಮಂಗಲದ ಮಗಳ ಮನೆಗೆ ಬಸ್ಸು ಹತ್ತಿಬಿಟ್ಟರು.

ನಾಯಿಯ ಮಾತನ್ನು ಮಾತ್ರ ಪಂಚಾಯ್ತಿಯಲ್ಲಿ ಯಾರೂ ಎತ್ತಲಿಲ್ಲ. ಹಾಗಾಗಿ ಮೆಂಬ್ರು ಭಾಗವಾಗದೆ ಉಳಿದ. ಬೆಳಿಗ್ಗೆ ನಮ್ಮಲ್ಲಿ ತಂಗಳು ಮುದ್ದೆ, ಮಜ್ಜಿಗೆ. ಸಂಜೆ ಗೋಡೆ ಹಾರಿ ಹೋದರೆ ಅವರಲ್ಲಿ ಅನ್ನ, ಭಾನುವಾರವಾದರೆ ಮೂಳೆ. ನಾನೂ ಜಯಮ್ಮಕ್ಕನೂ ಮಾತು ಬಿಟ್ಟಿದ್ದೆವು. ಮಾತು ಬಿಟ್ಟರೇನು, ಒಂದೇ ಹಿತ್ತಿಲಿನವರಿಗೆ ಹೇಳಿಕೊಳ್ಳುವುದು ಸಾವಿರ ಇರುತ್ತದೆ. ಅದನ್ನೆಲ್ಲ ಮೆಂಬ್ರುವಿಗೆ ಹೇಳುತ್ತಿದ್ದೆವು. "ಲೇ ಮೆಂಬ್ರೇ, ಡೇರಿ ಗಾಡಿ ಬಂದೈತೆ ಅಂತ ಆ ಕಡೆಯೋರ್ಗೆ ಯೋಳ್ಲಾ" ಅಂತ ಆಕೆ ಗೋಡೆಯ ಆಚೆಯಿಂದ ಕೂಗುತ್ತಿದ್ದರು. "ಮೆಂಬ್ರೇ, ಯಾರ್ದೋ ಕರ ಹಗ್ಗ ಬಿಚ್ಕೊಂಡು ನಮ್ ಸೊಪ್ಪಿನ ಮಡಿಗೆ ನುಗ್ಗೈತೆ, ಕಣ್ಣು ಕಾಣಾಕಿಲ್ವಾ ಅಂತ ಕೇಳು" ಅಂತ ನಾನು ಈಚೆಯಿಂದ. ಅವನು ನಡುವೆ ಕೂತು ಎರಡೂ ಕಡೆಗೆ ಕಿವಿ ತಿರುಗಿಸುತ್ತಿದ್ದ. ಇಬ್ಬರ ಬೈಗುಳವೂ ಅವನಿಗೇ ಸಲ್ಲುತ್ತಿತ್ತು, ಪಾಪ.

ಚಳಿ ಹಿಡಿದಿದ್ದ ಒಂದು ಬೆಳಿಗ್ಗೆ, ಜಗಲಿ ಗುಡಿಸಲು ಬಂದವಳು ಪೊರಕೆ ಹಿಡಿದು ಹಾಗೇ ನಿಂತೆ. ಮೆಂಬ್ರು ಮಲಗುವ ಗೋಣಿಚೀಲದ ಮೇಲೆ ರಕ್ತ. ಮೂಗಿನ ಒಂದು ಹೊಳ್ಳೆಯಿಂದ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಅವನು ನಾಲಿಗೆಯಿಂದ ನೆಕ್ಕಿಕೊಳ್ಳುತ್ತಿದ್ದ, ಮತ್ತೆ ಇಳಿಯುತ್ತಿತ್ತು. ಹಿಂದಿನ ಕೆಲವು ದಿನ ಮುದ್ದೆಯನ್ನು ಮೂಸಿ ಬಿಟ್ಟಿದ್ದ. ಆ ಕಡೆ ಹೊಟ್ಟೆ ತುಂಬಾ ತಿಂದು ಬಂದಿರಬೇಕು ಅಂತ ನಾನು ಅಂದುಕೊಂಡಿದ್ದೆ. ಈ ಕಡೆ ತಿಂದಿರಬೇಕು ಅಂತ ಆ ಕಡೆಯವರು ಅಂದುಕೊಂಡಿದ್ದರಂತೆ.

ನಮ್ಮನೆಯವರು ಸೈಕಲ್ಲಿನ ಕ್ಯಾರಿಯರಿಗೆ ಗೋಣಿ ಹಾಸಿ ಅವನನ್ನು ಕಟ್ಟಿದರು. ನಾನು ಪಕ್ಕದಲ್ಲಿ ಹಿಡಿದುಕೊಂಡು ನಡೆದೆ. ದನದ ಆಸ್ಪತ್ರೆಯ ಮುಂದೆ ಹೊಂಗೆ ಮರದ ಕೆಳಗೆ ಹಸು, ಎಮ್ಮೆ, ಅವುಗಳ ಯಜಮಾನರು. ನಾಯಿ ತಂದವರು ನಾವೊಬ್ಬರೇ. ನನಗೆ ಕೂತಲ್ಲಿ ಕೂರುವ ಸ್ವಭಾವವಿಲ್ಲ, ಮರದ ಸುತ್ತ ತಿರುಗಿದ್ದೇ ತಿರುಗಿದ್ದು. "ಒಂದ್ ಕಡೆ ಕೂತ್ಕೊಳ್ಳೆ ಭಾಗ್ಯ, ನೋಡಿ ನೋಡಿ ನಂಗೆ ತಲೆ ಸುತ್ತು ಬತ್ತದೆ" ಅಂತ ನಮ್ಮನೆಯವರು ರೇಗಿದರು. "ನೀವು ನೋಡ್ಬೇಡಿ" ಅಂದೆ.

ಡಾಕ್ಟರು ಕೆಟ್ಟವರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವತ್ತು ಅವರ ಕೈ ಭುಜದವರೆಗೂ ಒಂದು ಎಮ್ಮೆಯ ಹೊಟ್ಟೆಯೊಳಗಿತ್ತು, ಕರು ಅಡ್ಡ ಸಿಕ್ಕಿಕೊಂಡಿತ್ತು. ಅದು ಮುಗಿಯುವ ಹೊತ್ತಿಗೆ ಮನುಷ್ಯ ಬೆವರಿ ಸೋತಿದ್ದರು. ಕೈ ತೊಳೆಯುತ್ತಲೇ ದೂರದಿಂದ ಮೆಂಬ್ರುವನ್ನು ನೋಡಿದರು. ಹತ್ತಿರ ಬಂದು ತುಟಿ ಎತ್ತಿ ಒಸಡು ನೋಡಿದರು. ಅಷ್ಟೆ.

"ಇಲಿ ಪಾಷಾಣ" ಅಂದರು. "ರಕ್ತ ನಿಲ್ಲುತ್ತಾ ಇಲ್ಲ ನೋಡಿ. ಒಂದೇ ಸಲ ಬಿದ್ದಿರೋದಲ್ಲ, ಸ್ವಲ್ಪ ಸ್ವಲ್ಪವೇ ಹೋಗಿದೆ. ನಾಯಿ ಎಲ್ಲೆಲ್ಲಿ ತಿನ್ನುತ್ತೆ?"

ನಾನು ನಮ್ಮನೆಯವರ ಮುಖ ನೋಡಿದೆ. ಅವರು ನೆಲ ನೋಡಿದರು. "ಎರಡು ಮನೇಲಿ" ಅಂದೆ.

"ಹಾಗಾದ್ರೆ ಒಂದು ಮನೇಲಿ ಕಟ್ಟಿ ಹಾಕಿ" ಅಂತ ಹೇಳಿ ಡಾಕ್ಟರು ಇಂಜೆಕ್ಷನ್ನು ಕೊಟ್ಟರು. ಮೊಟ್ಟೆಯ ಬಿಳಿ ಕುಡಿಸಲು ಹೇಳಿದರು.

ಆ ಮಾತು ಮನೆಗೆ ಬರುವ ದಾರಿಯುದ್ದಕ್ಕೂ ನನ್ನೊಳಗೆ ಕುದಿಯಿತು. ವಿಷ ಹಾಕಿದ್ದಾರೆ. ನಾನು ಹಾಕಿಲ್ಲ. ಇನ್ಯಾರು? ಮೆಂಬ್ರುವನ್ನು ನಮ್ಮ ಕೊಟ್ಟಿಗೆಯ ಗೂಟಕ್ಕೆ ಕಟ್ಟಿದೆ. ಸಂಜೆ ಗೋಡೆಯ ಆಚೆ ಅನ್ನದ ತಟ್ಟೆಯ ಸದ್ದಾಯಿತು. ಅವನು ಹಗ್ಗ ಜಗ್ಗಿ ಕುಂಯ್‌ಗುಟ್ಟಿದ. "ಮೆಂಬ್ರೇ, ಬಾರ್ಲಾ, ಎಲ್ಲೋದ್ಯೋ?" ಅಂತ ಜಯಮ್ಮಕ್ಕನ ದನಿ ಬಂತು.

"ಮೆಂಬ್ರೇ, ಆ ಮನೇಲಿ ಇಸ ಇಕ್ತಾರೆ, ಓಗ್ಬೇಡ ಕಣೋ" ಅಂದೆ ನಾನು, ಊರಿಗೇ ಕೇಳುವ ಹಾಗೆ.

ಆಚೆ ಕಡೆ ತಟ್ಟೆ ಬಿದ್ದ ಸದ್ದು. ಆಮೇಲೆ ಆಕೆಯ ತಲೆ ಗೋಡೆಯ ಮೇಲೆ ಕಾಣಿಸಿತು. ಅವತ್ತು ಜಯಮ್ಮಕ್ಕ ಬೈದ ಬೈಗುಳ ಬರೆಯುವಂಥದ್ದಲ್ಲ. ನಾನು ಕೊಟ್ಟ ಉತ್ತರವೂ ಬರೆಯುವಂಥದ್ದಲ್ಲ. ಎಲ್ಲವನ್ನೂ ನಾಯಿಯ ಹೆಸರು ಹಿಡಿದೇ ಬೈದುಕೊಂಡೆವು. ಬೀದಿಯವರೆಲ್ಲ ಬಂದು ನಿಂತು ಕೇಳಿ ಹೋದರು.

ಮಾರನೆಯ ದಿನ ಮೂಗಿನ ರಕ್ತ ನಿಂತಿತು. ಅದರಾಚೆಯ ದಿನ ಅವನು ಎದ್ದು ಅರ್ಧ ಮುದ್ದೆ ತಿಂದ. ಕಟ್ಟಿ ಹಾಕಿದ್ದಕ್ಕೆ, ಆ ಮನೆಯ ಅನ್ನ ನಿಂತಿದ್ದಕ್ಕೆ ಅಲ್ಲವೇ ಗುಣವಾದದ್ದು? ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ನಮ್ಮ ಬೀದಿಯ ಹೆಂಗಸರೆಲ್ಲ ತಲೆಯಾಡಿಸಿದರು. ಭಾವ ನಮ್ಮ ಮನೆ ಮುಂದೆ ಹಾಯುವುದನ್ನೇ ಬಿಟ್ಟು, ಕೆರೆ ಏರಿ ಸುತ್ತಿ ಗದ್ದೆಗೆ ಹೋಗತೊಡಗಿದರು. ಅದನ್ನು ನೋಡಿದಾಗ ನನಗೆ ಸಂತೋಷವಾಗಲಿಲ್ಲ. ಒಲೆಯ ಮುಂದೆ ಕೂತರೆ ಕೊಟ್ಟಿಗೆಗೆ ಓಡಬೇಕು ಅನಿಸುವುದು, ಕೊಟ್ಟಿಗೆಗೆ ಹೋದರೆ ಒಲೆಯ ಮೇಲಿನ ಹಾಲು ಉಕ್ಕುವುದು. ಆ ದಿನಗಳಲ್ಲಿ ನಾನು ಏನನ್ನೂ ನೆಟ್ಟಗೆ ಮುಗಿಸಿದ ನೆನಪಿಲ್ಲ.

ಒಂದು ವಾರವೂ ಕಳೆದಿರಲಿಲ್ಲ, ಮತ್ತೆ ರಕ್ತ ಬಂತು. ಈ ಸಲ ಎರಡೂ ಹೊಳ್ಳೆಯಿಂದ. ಹೊಟ್ಟೆಯ ಕೂದಲಿಲ್ಲದ ಕಡೆ ಚರ್ಮದ ಮೇಲೆ ಕೆಂಪು ಚುಕ್ಕೆಗಳು ಎದ್ದಿದ್ದವು. ಒಸಡು ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಹೆಸರು ಹಿಡಿದು ಕರೆದರೆ ಬಾಲದ ತುದಿ ಮಾತ್ರ ಒಂದು ಸಲ ಅಲ್ಲಾಡಿತು. ನಾನು ಜೋರಾಗಿ ಅತ್ತುಬಿಟ್ಟೆ.

ಮತ್ತೆ ಅದೇ ಆಸ್ಪತ್ರೆ, ಅದೇ ಹೊಂಗೆ ಮರ. "ಮತ್ತೆ ವಿಷ ಬಿದ್ದಿದೆ" ಅಂದರು ಡಾಕ್ಟರು.

"ಕಟ್ಟಾಕಿವ್ನಿ ಡಾಕ್ಟ್ರೇ. ನನ್ ಕೈಯಾರೆ ಉಣ್ಣುಸ್ತಾ ಇವ್ನಿ. ಇನ್ನೊಬ್ರು ಮುಟ್ಟಿಲ್ಲ."

"ಹಾಗಾದ್ರೆ ನಿಮ್ಮ ಮನೇಲೇ ನೋಡ್ಕೊಳ್ಳಿ ಯಾರು ಅಂತ."

ಮೈ ಉರಿದುಹೋಯಿತು. ನನ್ನ ಮನೆಯಲ್ಲಿ ಇದ್ದದ್ದು ನಾನು, ನನ್ನ ಗಂಡ. ನೊಣ ಹೊಡೆಯಲೂ ಹಿಂದೆ ಮುಂದೆ ನೋಡುವ ಗಂಡ. ಈ ಡಾಕ್ಟರಿಗೆ ಗೊತ್ತಿಲ್ಲ ಅಂತ ನನಗೆ ಆ ಗಳಿಗೆಯಲ್ಲಿ ಹೊಳೆಯಿತು. ಗೊತ್ತಿಲ್ಲ ಅಂತ ಹೇಳಲು ಅವರಿಗೆ ಬರುತ್ತಿಲ್ಲ, ಅಷ್ಟೆ. ಆದರೆ ಊರಿಗೆ ಯಾರು ಹೇಳಬೇಕು? ನಾವು ವಾಪಸ್ಸು ಬರುವುದರೊಳಗೆ ಸುದ್ದಿ ಬಂದು ಕೂತಿತ್ತು. ಗೋಡೆಯ ಆಚೆಯಿಂದ ಜಯಮ್ಮಕ್ಕ, "ಮೆಂಬ್ರೇ, ಈಗ್ಯಾರ್ಲಾ ಆಕಿದ್ರು ಇಸ? ನಿಮ್ಮವ್ವುನ್ನೇ ಕೇಳ್ಲಾ!" ಅಂದರು. ಹೇಳುತ್ತಾ ಹೇಳುತ್ತಾ ಆಕೆಯ ದನಿ ಒಡೆದುಹೋಯಿತು. ಗೋಡೆಗೆ ಒರಗಿ ಬಿಕ್ಕುವುದು ನನಗೆ ಕೇಳಿಸಿತು.

ಊರಿನ ಯಜಮಾನರು ಸೇರಿದರು. ಎರಡು ಮನೆಯಲ್ಲಿ ಒಂದು ಮನೆ ಸುಳ್ಳು ಹೇಳುತ್ತಿದೆ, ಆಣೆಯಾಗಲೇಬೇಕು ಅಂದರು. ನಮ್ಮ ಕಡೆ ಕರ್ಪೂರ ಹಚ್ಚಿ, ಉರಿಯುವುದನ್ನು ಅಂಗೈಯಲ್ಲಿ ಆರಿಸಿ ಆಣೆ ಮಾಡುತ್ತಾರೆ. ಸುಳ್ಳು ಆಣೆ ಮಾಡಿದವರ ಮನೆ ದೀಪ ಹಾಗೇ ಆರುತ್ತದೆ ಅನ್ನುವ ಭಯ. ಊರ ದೇವರ ಮುಂದೆ ಮಾಡಿಸೋಣ ಅಂದರೆ, ಪೂಜಾರಿ ನಮ್ಮ ಕಡೆಯವನು ಅಂತ ಅವರು, ಅವರ ಕಡೆಯವನು ಅಂತ ನಾವು. ಕೊನೆಗೆ ಗಂಜಾಂ ಅಂತಾಯಿತು. ಕಾವೇರಿಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲಿ, ನಿಮಿಷಾಂಬೆಯ ಹೆಸರು ಹಿಡಿದು ಇಬ್ಬರು ಹೆಂಗಸರೂ ಕರ್ಪೂರ ಆರಿಸುವುದು.

ಗಂಜಾಂ ಅಂದ ಕೂಡಲೇ ನಾನು ಒಪ್ಪಿದೆ. ನನ್ನ ಲೆಕ್ಕಾಚಾರ ಬೇರೆ ಇತ್ತು. ಪಾಲಹಳ್ಳಿಯ ನನ್ನ ಅಣ್ಣ ಹಿಂದಿನ ದಿನವಷ್ಟೇ ಬಂದು ನಾಯಿಯನ್ನು ನೋಡಿ, "ಗಂಜಾಂನಲ್ಲಿ ಒಬ್ಬರು ರಿಟೈರಾದ ಡಾಕ್ಟ್ರು ಅವ್ರೆ. ಮನೆ ಜಗಲೀಲೇ ನೋಡ್ತಾರೆ. ನಾಯಿ ಕಾಯ್ಲೆ ಚೆನ್ನಾಗಿ ಗೊತ್ತಂತೆ" ಅಂದಿದ್ದ. ಬಸ್ಸಿನಲ್ಲಿ ನಾಯಿ ಹತ್ತಿಸುವುದಿಲ್ಲ. ಭಾವನ ಟ್ರಾಕ್ಟರಾದರೆ ಹೋಗಬಹುದು. ಭಾವನನ್ನು ಕೇಳುವುದು ಹೇಗೆ ಅಂತ ಒದ್ದಾಡುತ್ತಿದ್ದೆ. ಈಗ ಆಣೆಯೇ ಟ್ರಾಕ್ಟರು ತಂದುಕೊಟ್ಟಿತು.

"ಮೆಂಬ್ರೂನೂ ಬರ್ಬೇಕು" ಅಂದೆ. "ಯಾರ ಹೆಸ್ರಲ್ಲಿ ಆಣೆಯೋ ಅವ್ನು ಎದ್ರಿಗಿರ್ಬೇಕು." ಯಜಮಾನ ಬೋರಪ್ಪನವರಿಗೆ ಅದು ನ್ಯಾಯವಾಗಿ ಕಂಡಿತು.

ಬೆಳಿಗ್ಗೆ ಹೊರಟೆವು. ಟ್ರೈಲರಿನಲ್ಲಿ ಹುಲ್ಲು ಹಾಸಿ, ಗೊಬ್ಬರ ಹೊರುವ ದೊಡ್ಡ ಮಂಕರಿಯಲ್ಲಿ ಮೆಂಬ್ರುವನ್ನು ಮಲಗಿಸಿದ್ದೆ. ಒಂದು ಮೂಲೆಯಲ್ಲಿ ನಾನು, ಇನ್ನೊಂದು ಮೂಲೆಯಲ್ಲಿ ಸೆರಗಿನ ತುದಿಗೆ ಕರ್ಪೂರ ಗಂಟು ಹಾಕಿಕೊಂಡ ಜಯಮ್ಮಕ್ಕ. ಮುಂದೆ ಭಾವ ಓಡಿಸುತ್ತಿದ್ದರು. ಬೋರಪ್ಪನವರೂ ನಮ್ಮನೆಯವರೂ ಅವರ ಎರಡು ಪಕ್ಕ ಮಡ್‌ಗಾರ್ಡಿನ ಮೇಲೆ. ಅಣ್ಣ ತಮ್ಮ ಒಂದು ಮಾತಿಲ್ಲ. ದಾರಿಯಲ್ಲಿ ರೈಲು ಗೇಟು ಹಾಕಿತ್ತು. ಎಷ್ಟು ಹೊತ್ತಾದರೂ ರೈಲು ಬರಲಿಲ್ಲ. ಮೆಂಬ್ರುವಿನ ಉಸಿರು ಕುಯ್ಯೋ ಅನ್ನತೊಡಗಿತು. ನಾನು ಟ್ರೈಲರಿನಿಂದ ಇಳಿದೆ, ಹತ್ತಿದೆ, ಮತ್ತೆ ಇಳಿದು ಗೇಟಿನವನ ಹತ್ತಿರ ಹೋಗಿ ಜಗಳ ಆಡಿದೆ. "ರೈಲು ನಮ್ಮಪ್ಪಂದಾ ತಾಯಿ?" ಅಂದ ಅವನು.

ತಿರುಗಿ ಬಂದು ನೋಡಿದರೆ ಜಯಮ್ಮಕ್ಕ ತನ್ನ ಮೂಲೆ ಬಿಟ್ಟು ಮಂಕರಿಯ ಪಕ್ಕ ಬಂದು ಕೂತಿದ್ದರು. ಸೆರಗಿನಿಂದ ಅವನ ಮೂಗು ಒರೆಸುತ್ತಿದ್ದರು. ನನ್ನ ಮುಖ ನೋಡಲಿಲ್ಲ. "ಮೆಂಬ್ರೇ, ಆಣೆ ಎಲ್ಗೂ ಓಡೋಗಾಕಿಲ್ಲ. ಮೊದ್ಲು ಡಾಕ್ಟ್ರ ತಾವ ಓಗಾನ ಅಂತ ನಿಮ್ಮವ್ವಂಗೆ ಯೋಳ್ಲಾ" ಅಂದರು.

ನಾನು ಹತ್ತಿ ಮಂಕರಿಯ ಇನ್ನೊಂದು ಪಕ್ಕ ಕೂತೆ.

ಗಂಜಾಂನ ಡಾಕ್ಟರ ಜಗಲಿಯ ಮೇಲೆ ಉದ್ದನೆಯ ಬೆಂಚು. ಅದರ ಮೇಲೆ ಗಿಳಿಯ ಪಂಜರ ಹಿಡಿದ ಒಬ್ಬರು, ಮೇಕೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡ ಒಬ್ಬ ಸಾಬರ ಮುದುಕಿ. ನಾವು ಮಂಕರಿ ಇಳಿಸಿದ್ದನ್ನು ನೋಡಿ ಆ ಮುದುಕಿ ಎದ್ದು ಬಂದು ಬಗ್ಗಿ ನೋಡಿತು. "ಯಾ ಅಲ್ಲಾ" ಅಂತು. "ನನ್ ಬಕ್ರಿ ನಿಲ್ತದೆ ಬೇಟಿ. ನಿಂದು ಮೊದ್ಲು ತೋರ್ಸು." ಗಿಳಿಯವರೂ ಸರಿದು ಜಾಗ ಬಿಟ್ಟರು. ಅಷ್ಟು ದಿನದಲ್ಲಿ ನನ್ನ ನಾಯಿಯ ಕಾಯಿಲೆಯನ್ನು ಕಾಯಿಲೆ ಅಂತ ನೋಡಿದ ಹೊರಗಿನವರು ಅವರಿಬ್ಬರೇ. ಆ ಮುದುಕಿಯ ಮುಖ ನನಗೆ ಇನ್ನೂ ನೆನಪಿದೆ.

ಡಾಕ್ಟರಿಗೆ ವಯಸ್ಸಾಗಿತ್ತು, ಬನಿಯನ್ನು, ಪಂಚೆ. ಥರ್ಮಾಮೀಟರು ಇಟ್ಟರು. ಹೊಟ್ಟೆ ಒತ್ತಿ ನೋಡಿದರು. "ನಡುವೆ ಒಂದೆರಡು ದಿನ ಚೆನ್ನಾಗಿತ್ತಾ?" ಅಂತ ಕೇಳಿದರು. ಇತ್ತು ಅಂದೆ. ಆಮೇಲೆ ಮೆಂಬ್ರುವಿನ ಕಿವಿಯನ್ನು ಒಳಮಗ್ಗುಲು ತಿರುಗಿಸಿ ಬೆಳಕಿಗೆ ಹಿಡಿದರು. ಕಾಲಿನ ಬೆರಳುಗಳ ಸಂದಿ ಬಿಡಿಸಿದರು. ನಾನೂ ಬಗ್ಗಿ ನೋಡಿದೆ. ಹುಣಸೆಬೀಜದ ಹಾಗೆ ಊದಿಕೊಂಡ ಉಣ್ಣೆಗಳು, ಒಂದರ ಪಕ್ಕ ಒಂದು, ರಕ್ತ ಕುಡಿದು ಕಚ್ಚಿಕೊಂಡು ಕೂತಿದ್ದವು.

ಅವರು ಕಿವಿಯ ಅಂಚಿನಿಂದ ಒಂದು ಹನಿ ರಕ್ತ ಗಾಜಿನ ಮೇಲೆ ತೆಗೆದುಕೊಂಡು ಒಳಗೆ ಹೋದರು. ಒಳಗೆ ಮೈಕ್ರೋಸ್ಕೋಪು ಇತ್ತು. ನಾನು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದೆ, ಆ ತುದಿಯಿಂದ ಈ ತುದಿಗೆ ನಡೆದೆ. ಜಯಮ್ಮಕ್ಕ ಕರ್ಪೂರದ ಗಂಟನ್ನು ಬಿಚ್ಚುವುದು, ಕಟ್ಟುವುದು, ಬಿಚ್ಚುವುದು. ಕೊನೆಗೂ ಡಾಕ್ಟರು ಹೊರಗೆ ಬಂದರು.

"ವಿಷಾನೂ ಇಲ್ಲ, ಗಿಷಾನೂ ಇಲ್ಲ. ಇದು ಉಣ್ಣೆಯಿಂದ ಬರೋ ಜ್ವರ, ನಡುವೆ ಬಿಟ್ಟು ಮತ್ತೆ ಬರುತ್ತೆ. ರಕ್ತ ತುಂಬಾ ಕಮ್ಮಿಯಾಗಿದೆ. ಮೊದಲ ಸಲವೇ ತಂದಿದ್ರೆ ಸುಲಭವಾಗ್ತಿತ್ತು." ಆಮೇಲೆ ನಮ್ಮಿಬ್ಬರನ್ನೂ ನೋಡಿ ಕೇಳಿದರು: "ಇದರ ಉಣ್ಣೆ ಯಾರು ತೆಗೀತಾ ಇದ್ರಿ?"

"ಅವ್ರು" ಅಂದೆ ನಾನು. "ಅವ್ಳು" ಅಂದರು ಜಯಮ್ಮಕ್ಕ. ಎರಡೂ ಮಾತು ಒಟ್ಟಿಗೇ ಬಂದವು.

ಒಟ್ಟಿಗಿದ್ದಾಗ ಆ ಕೆಲಸ ಅತ್ತೆಯದು. ಮಧ್ಯಾಹ್ನ ಊಟವಾದ ಮೇಲೆ ಬೆರಳಿಗೆ ಬೂದಿ ಹಚ್ಚಿಕೊಂಡು, ಸೀಮೆಎಣ್ಣೆ ಹಾಕಿದ ಚಿಪ್ಪು ಪಕ್ಕದಲ್ಲಿಟ್ಟುಕೊಂಡು, ಮೆಂಬ್ರುವನ್ನು ತೊಡೆಯ ಮೇಲೆ ಎಳೆದುಕೊಂಡು ಕೂರುತ್ತಿದ್ದರು. ಅದು ಒಂದು ಕೆಲಸ ಅಂತಲೇ ನಮಗೆ ಯಾರಿಗೂ ಅನಿಸಿರಲಿಲ್ಲ. ಹಂಡೆ ಒನಕೆ ಹಂಚಿಕೊಂಡವರು ಅದನ್ನು ಹಂಚಿಕೊಳ್ಳಲಿಲ್ಲ. ಅತ್ತೆ ಹೋದ ಮೇಲೆ ಜಯಮ್ಮಕ್ಕ ತೆಗೆಯುತ್ತಾರೆ ಅಂತ ನಾನು, ನಾನು ತೆಗೆಯುತ್ತೇನೆ ಅಂತ ಅವರು.

ಬೋರಪ್ಪನವರೇ ಕೆಮ್ಮಿ, "ಅಂಗಾರೆ ಆಣೆ ಎಂಗೆ? ಕರ್ಪೂರ ಬೇರೆ ತಂದಿವಿ" ಅಂದರು.

"ಆ ಉಣ್ಣೆ ಕೈಲಿ ಮಾಡ್ಸಿ ಯಜಮಾನ್ರೇ!" ಅಂತ ನಾನು ಕಿರುಚಿದೆ. ಮೇಕೆಯ ಮುದುಕಿ ಫಕ್ಕನೆ ನಕ್ಕಿತು. ಭಾವ ಮುಖ ಆಚೆ ತಿರುಗಿಸಿಕೊಂಡರು. ಅವರ ಭುಜ ಅಲ್ಲಾಡುತ್ತಿತ್ತು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ಗೊತ್ತಾಗಲಿಲ್ಲ.

ಡಾಕ್ಟರು ಮಾತ್ರೆ ಕೊಟ್ಟರು. ಬೆಳಿಗ್ಗೆ ಒಂದು, ಸಂಜೆ ಒಂದು, ಒಂದು ಹೊತ್ತೂ ತಪ್ಪುವ ಹಾಗಿಲ್ಲ. "ಬದುಕುತ್ತೆ ಅಂತ ನಾನು ಹೇಳಲ್ಲ. ಮಾತ್ರೆ ತಪ್ಪಿದ್ರೆ ಹೋಗುತ್ತೆ ಅಂತ ಮಾತ್ರ ಹೇಳ್ತೀನಿ" ಅಂದರು. ವಾಪಸ್ಸು ಬರುವ ಮುಂಚೆ ಜಯಮ್ಮಕ್ಕ ಹೊಳೆಯ ಮೆಟ್ಟಿಲಿಗೆ ಹೋಗಿ ಕರ್ಪೂರ ಹಚ್ಚಿಟ್ಟು ಬಂದರು. ಯಾರೂ ಆರಿಸಲಿಲ್ಲ, ಅದು ಪೂರ್ತಿ ಉರಿಯಿತು.

ಇಷ್ಟಾದ ಮೇಲೆ ಎಲ್ಲ ಸರಿಹೋಯಿತು ಅಂತ ಅಂದುಕೊಳ್ಳಬೇಡಿ. ಊರಿಗೆ ಬಂದಿದ್ದೇ ಇನ್ನೊಂದು ರಗಳೆ. ಮಂಕರಿಯನ್ನು ನಮ್ಮ ಕೊಟ್ಟಿಗೆಗೆ ತೆಗೆದುಕೊಂಡು ಹೋಗುತ್ತಿದ್ದರೆ ಜಯಮ್ಮಕ್ಕ ಅಡ್ಡ ನಿಂತರು. "ಮೆಂಬ್ರೇ, ಬೆಳಗಿನ ಊಟ ಅವ್ರ್ದು, ಸಂಜೆ ಊಟ ನಮ್ದು. ಸಂಜೆ ಮಾತ್ರೆನೂ ನಮ್ದೇ ಅಂತ ಯೋಳು." ನಾನೂ ಹಟ ಮಾಡಬಹುದಿತ್ತು. ಯಾಕೋ ಮಾಡಲಿಲ್ಲ. ಅವನಿಗೆ ಗೋಡೆ ಹಾರಲು ಶಕ್ತಿಯಿಲ್ಲ. ಹಾಗಾಗಿ ಸಂಜೆ ನಮ್ಮನೆಯವರು ಈ ಕಡೆಯಿಂದ ಮಂಕರಿ ಎತ್ತಿ ಗೋಡೆಯ ಮೇಲೆ ಕೊಡುವುದು, ಆ ಕಡೆಯಿಂದ ಭಾವ ಇಳಿಸಿಕೊಳ್ಳುವುದು. ಬೆಳಿಗ್ಗೆ ಅದೇ ತಿರುವುಮುರುವು. ಹೊತ್ತ ಮಂಕರಿ ಕೈ ಬಿಡುವ ಮುಂಚೆ ಕೇಳಲೇಬೇಕಲ್ಲ. "ಇಡ್ಕೊಂಡ್ಯಾ?" ಅಂತ ಇವರು. "ಇಡ್ಕೊಂಡೆ, ಬುಡ್ಲಾ" ಅಂತ ಅವರು. ಭಾಗವಾದ ಮೇಲೆ ಅಣ್ಣ ತಮ್ಮಂದಿರು ಆಡಿದ ಮೊದಲ ಮಾತು ಅದು.

ಬೆಳಿಗ್ಗೆ ನಾನು ಮುದ್ದೆಯೊಳಗೆ ಮಾತ್ರೆ ಇಟ್ಟು ಗುಂಡಗೆ ಮಾಡಿ ನುಂಗಿಸುತ್ತಿದ್ದೆ. ಸಂಜೆ ಗೋಡೆಗೆ ಕಿವಿ ಕೊಟ್ಟು ನಿಲ್ಲುತ್ತಿದ್ದೆ. ಆಚೆ ಕೊಡದೇ ಹೋದರೆ? ಮರೆತರೆ? ಅವನು ಉಗಿದರೆ? ನಂಬಬೇಕು, ಬೇರೆ ದಾರಿಯಿಲ್ಲ. ನಂಬುವುದು ನನಗೆ ಮೈಗೂಡಿದ ಅಭ್ಯಾಸವಲ್ಲ. "ಮೆಂಬ್ರೇ, ನುಂಗ್ದ್ಯೇನೋ?" ಅಂತ ನಾನು ಕೂಗುವುದು. "ನುಂಗ್ದೆ ಕಣವ್ವ, ಓಗಿ ಮನಿಕೋ ಅಂತ ಯೋಳ್ಲಾ" ಅಂತ ಆಚೆಯಿಂದ ಉತ್ತರ. ಅಷ್ಟು ಕೇಳಿದ ಮೇಲೆಯೇ ನಾನು ಊಟಕ್ಕೆ ಕೂರುತ್ತಿದ್ದದ್ದು. ರಕ್ತ ನಿಂತಿತು. ಆದರೆ ಅವನು ಎದ್ದು ನಿಲ್ಲಲಿಲ್ಲ. ಕಣ್ಣು ಗುಳಿ ಬಿದ್ದು, ಬೆನ್ನ ಮೂಳೆ ಎಣಿಸುವ ಹಾಗೆ ಕಾಣುತ್ತಿತ್ತು.

ಒಂದು ಸಂಜೆ ಆಚೆಯಿಂದ ಉತ್ತರ ಬರಲಿಲ್ಲ. ಮತ್ತೊಮ್ಮೆ ಕೂಗಿದೆ. ಸದ್ದಿಲ್ಲ. ಗಂಡಸರಿಬ್ಬರೂ ಗದ್ದೆಯಿಂದ ಬಂದಿರಲಿಲ್ಲ. ಆಮೇಲೆ ಜಯಮ್ಮಕ್ಕನ ದನಿ ಬಂತು, ಎಂದೂ ಕೇಳದಂಥ ಸಣ್ಣ ದನಿ.

"ಭಾಗ್ಯಾ. ಭಾಗ್ಯಾ, ಬಾರಮ್ಮಿ ಇಲ್ಲಿ. ನುಂಗ್ತಾ ಇಲ್ಲ ಕಣಮ್ಮಿ. ನೀನು ಬಾಯಿ ಇಡ್ಕೊ, ನಾನು ಆಕ್ತೀನಿ. ಬೇಗ ಬಾರಮ್ಮಿ."

ಬೀದಿ ಸುತ್ತಿ ಹೋಗುವಷ್ಟು ವ್ಯವಧಾನವಿರಲಿಲ್ಲ. ಕಲಗಚ್ಚಿನ ಬಾನಿ ಮಗುಚಿ ಹಾಕಿ, ಅದರ ಮೇಲೆ ಹತ್ತಿ, ಸೀರೆ ಎತ್ತಿ ಕಟ್ಟಿ ಗೋಡೆ ಹಾರಿಬಿಟ್ಟೆ. ಮೊಣಕಾಲು ತರಚಿತು. ಮೆಂಬ್ರು ಹಲ್ಲು ಕಚ್ಚಿಕೊಂಡು ಮಲಗಿದ್ದ. ಮಾತ್ರೆ ಎಂಜಲಲ್ಲಿ ಅರ್ಧ ಕರಗಿ ನೆಲದ ಮೇಲೆ ಬಿದ್ದಿತ್ತು. ಹೊಸದೊಂದು ತೆಗೆದೆವು. ನಾನು ಅವನ ದವಡೆಯ ಎರಡೂ ಪಕ್ಕ ಬೆರಳು ತೂರಿಸಿ ಬಾಯಿ ತೆರೆದೆ. ಅಕ್ಕ ನಾಲಿಗೆಯ ಬುಡಕ್ಕೆ ಮಾತ್ರೆ ಇಟ್ಟು, ಬಾಯಿ ಮುಚ್ಚಿ, ಗಂಟಲು ಸವರಿದರು. "ನುಂಗ್ಲಾ ನನ್ನಪ್ಪ, ನುಂಗು, ನುಂಗ್ಬುಡು" ಅಂತ ಇಬ್ಬರೂ ಒಂದೇ ಉಸಿರಲ್ಲಿ ಹೇಳುತ್ತಿದ್ದೆವು. ಗಂಟಲು ಒಂದು ಸಲ ಮೇಲೆ ಕೆಳಗೆ ಆಡಿತು. ನುಂಗಿದ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆವು. ಅಕ್ಕ ನನ್ನ ಮೊಣಕಾಲು ನೋಡಿ, "ಗೋಡೆ ಆರ್ತಾಳೆ ನೋಡು, ಇವ್ಳೇನು ನಾಯಿಯಾ" ಅಂದರು. ನಾನು ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು. ಆಕೆ ಎದ್ದು ಹೋಗಿ ತಟ್ಟೆಯಲ್ಲಿ ಮುದ್ದೆ, ಹುರುಳಿ ಸಾರು ತಂದಿಟ್ಟರು. "ಉಂಡ್ಕಂಡು ಓಗು." ಉಂಡೆ. ಇಸ ಇಕ್ತಾರೆ ಅಂತ ಊರಿಗೆ ಸಾರಿದ್ದ ಮನೆಯಲ್ಲಿ ಕೂತು, ಎರಡು ಮುದ್ದೆ ಉಂಡೆ.

ಅದಾದ ಒಂದಷ್ಟು ದಿನಕ್ಕೆ ಮೆಂಬ್ರು ತಾನಾಗಿ ಎದ್ದು ಮಂಕರಿಯಿಂದ ಕೆಳಗಿಳಿದ. ನಾಲ್ಕು ಕಾಲೂ ನಡುಗುತ್ತಿದ್ದವು. ಕೊಟ್ಟಿಗೆಯ ಕಂಬದವರೆಗೂ ಹೋಗಿ ಕಾಲೆತ್ತಿ ಉಚ್ಚೆ ಹೊಯ್ದು, ದೊಡ್ಡ ಕೆಲಸ ಮುಗಿಸಿದವನ ಹಾಗೆ ನನ್ನನ್ನು ನೋಡಿದ. ಸುದ್ದಿ ಕೇಳಿ ನಾಗಮಂಗಲದಿಂದ ಅತ್ತೆ ಬಂದರು. ಯಾರನ್ನೂ ಮಾತಾಡಿಸಲಿಲ್ಲ. ನೇರ ಹೋಗಿ ಅವನ ಕಿವಿ ತಿರುಗಿಸಿ ನೋಡಿದರು. "ನಾನೊಬ್ಳು ಬಸ್ಸತ್ತಿದ್ಕೆ, ಇಬ್ರು ಸೊಸೆದೀರ್ಗೂ ನಾಯಿ ಕಿವಿ ಕಾಣ್ನಿಲ್ವಾ?" ಅಂದರು.

ಮೊದಲ ಡಾಕ್ಟರ ಹತ್ತಿರ ನಾನೇ ಹೋದೆ. ಜಗಳ ಆಡಲೆಂದೇ ಹೋದದ್ದು, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಪೂರ್ತಿ ಕೇಳಿಸಿಕೊಂಡು ಅವರು, "ಕಿವಿ ನೋಡಬೇಕಾಗಿತ್ತು. ನೋಡಲಿಲ್ಲ. ತಪ್ಪಾಯ್ತಮ್ಮ" ಅಂದರು. ಜೋಡಿಸಿಕೊಂಡಿದ್ದ ಮಾತೆಲ್ಲ ಬಾಯಲ್ಲೇ ಉಳಿಯಿತು. "ತಪ್ಪಾಯ್ತು ಅಂದ್ರೆ ಆಯ್ತಾ ಡಾಕ್ಟ್ರೇ? ಎರಡು ಮನೆ ಆಳಾಗೋಗ್ತಿತ್ತು" ಅಂದೆ. ನನ್ನ ಸಿಟ್ಟು ಪೂರ್ತಿ ಇಳಿಯಲಿಲ್ಲ, ಈಗಲೂ ಇಳಿದಿಲ್ಲ. ಆದರೆ ನಿಮ್ಮ ನಾಯಿಗೆ ಹೀಗಾದರೆ ನಾನು ಹೇಳುವುದಿಷ್ಟು. ಡಾಕ್ಟರ ಮಾತು ಆಣೆಯಲ್ಲ, ಇನ್ನೊಬ್ಬರಿಗೆ ತೋರಿಸಿ. ಅದಕ್ಕೂ ಮುಂಚೆ ಕಿವಿ ತಿರುಗಿಸಿ ನೀವೇ ನೋಡಿ.

ಮೆಂಬ್ರು ಆಮೇಲೆ ಬಹಳ ವರ್ಷ ಬದುಕಿದ. ಅವನು ಒಂದು ಹೊತ್ತು ಊಟ ಬಿಟ್ಟರೂ ನಾವು ಮಂಕರಿ ಹುಡುಕುತ್ತಿದ್ದೆವು. ಸೀನಿದರೆ ಮೂಗು ನೋಡುತ್ತಿದ್ದೆವು. ಆ ಭಯ ನನಗೆ ಕೊನೆಯವರೆಗೂ ಹೋಗಲಿಲ್ಲ. ಮಧ್ಯಾಹ್ನ ನಾನೂ ಅಕ್ಕನೂ ಬೆರಳಿಗೆ ಬೂದಿ ಹಚ್ಚಿಕೊಂಡು ಕೂರುತ್ತಿದ್ದೆವು, ಎಡಕಿವಿ ನನ್ನದು, ಬಲಕಿವಿ ಆಕೆಯದು. ಗೋಡೆ ಈಗಲೂ ಇದೆ. ಒಡೆಯುವ ಮಾತನ್ನು ಯಾರೂ ಆಡಲಿಲ್ಲ. ಜಗಳವೂ ನಿಂತಿಲ್ಲ. ಚೆನ್ನಾಗಿದ್ದಾಗ ಅಕ್ಕ ನನ್ನ ಹೆಸರು ಹಿಡಿದೇ ಕರೆಯುತ್ತಿದ್ದರು. ಸಿಟ್ಟು ಬಂದ ದಿನ ಮಾತ್ರ ಮತ್ತೆ, "ಲೇ ಮೆಂಬ್ರೇ, ಆ ಕಡೆಯೋರ್ಗೆ ಯೋಳ್ಲಾ" ಶುರುವಾಗುತ್ತಿತ್ತು.

ವಯಸ್ಸಾಗಿ, ಒಂದು ಮಧ್ಯಾಹ್ನ ಬಿಸಿಲಲ್ಲಿ ಮಲಗಿದ ಹಾಗೇ ಅವನು ಹೋದ. ಗೋಡೆಯ ಬುಡದಲ್ಲೇ ಮಣ್ಣು ಮಾಡಿದೆವು.

ಮೊನ್ನೆ ನನ್ನ ಕೋಳಿ ಹೋಗಿ ಅಕ್ಕ ಒಣಗಲು ಹಾಕಿದ್ದ ರಾಗಿ ಕೆದರಿತು. ಆಕೆ ಕಡ್ಡಿ ಹಿಡಿದು ಓಡಿಸಿಕೊಂಡು ಗೋಡೆಯವರೆಗೂ ಬಂದರು. "ಲೇ ಮೆಂಬ್ರೇ" ಅಂತ ಜೋರಾಗಿ ಕೂಗಿದರು. ಕೂಗಿದವರು ಹಾಗೇ ನಿಂತುಬಿಟ್ಟರು. ಕೈಯಲ್ಲಿ ಕಡ್ಡಿ, ಬಾಯಿ ಅರ್ಧ ತೆರೆದಿತ್ತು.

ನಾನು ಈ ಕಡೆ ಪಾತ್ರೆ ತಿಕ್ಕುತ್ತಿದ್ದೆ. ಕೈ ತೊಳೆದುಕೊಂಡು ಎದ್ದೆ.

"ಏನಕ್ಕಾ?" ಅಂದೆ.